ಎಡಗಡೆಯ ಕಿವಿ

೧೨ ನವೆಂಬರ್ ೧೯೮೧, ಗುರುವಾರ, ಲೀಡ್ಸ್

ಬಲಗಿವಿ ಇನ್ನು ಸರಿಹೋಗುವುದಿಲ್ಲವೆಂದು ಡಾಕ್ಟರು ಹೇಳಿ ಒಂಬತ್ತು ದಿನವಾಯಿತು. ಬ್ಯಾಂಡಿನವರಿಗೆ ಹೇಳಿಲ್ಲ. ಈ ಹಿಂದೆ ನಾನು ಡ್ರಮ್ ಬಾರಿಸಿದ ಎರಡು ಬ್ಯಾಂಡುಗಳು ಒಡೆದುಹೋದವು. ರೆಕಾರ್ಡ್ ಹೊರತರುವವರೆಗೆ ಬಂದದ್ದು ಈ ಮೂರನೆಯದೊಂದೇ.

ಇವತ್ತು ಅಭ್ಯಾಸದಲ್ಲಿ ಮೋರಾಗ್ ನನಗೆ ಬೆನ್ನು ಹಾಕಿ ಬೇಸ್ ಗಿಟಾರ್ ನುಡಿಸಿದಳು. ಅವಳ ಬೆರಳು ಕಾಣದೆ ನಾನು ಲಯ ತಪ್ಪಿದೆ. ಉಳಿದವರು ಚಹಾಕ್ಕೆ ಹೋದ ಮೇಲೆ ಕೇಳಿದಳು:

"ನಿಂಗೆ ಕೇಳಿಸ್ತಿಲ್ಲ ಅಲ್ವೇನೋ, ನೆವಿಲ್?"

"ಎಡಗಿವಿ ಕೇಳ್ಸುತ್ತೆ."

"ಮತ್ತೆ ನನ್ನನ್ನ ನಿನ್ನ ಬಲಗಡೆ ಯಾಕೋ ನಿಲ್ಲಿಸ್ಕೊಂಡಿದೀಯ, ಕತ್ತೆ?"

ತನ್ನ ಭಾರವಾದ ಸ್ಪೀಕರನ್ನು ಎಳೆದು ನನ್ನ ಎಡಕ್ಕೆ ಇಟ್ಟಳು. ಶನಿವಾರದ ಕಾರ್ಯಕ್ರಮ ಮುಗಿಯುವವರೆಗೆ ಯಾರಿಗೂ ಹೇಳುವುದಿಲ್ಲವಂತೆ.

ಬಾರಿಸುವುದನ್ನು ಬಿಡದಿದ್ದರೆ ಎಡಗಿವಿಯೂ ಹೋಗುತ್ತದೆ ಎಂದಿದ್ದರು ಡಾಕ್ಟರು. ಅದನ್ನು ಅವಳಿಗೂ ಹೇಳಲಿಲ್ಲ. ಸ್ಪೀಕರ್ ಎಳೆಯುವಾಗ ನಾನೂ ಒಂದು ಕೈ ಹಾಕಿದೆ.