ವಾಸಿಯಾಗದ ಕಾಲಿನ ಸಾಕ್ಷಿ

ಬಡವನಹಳ್ಳಿ
10-2-2025, ಸೋಮವಾರ

ಪ್ರೀತಿಯ ತಂಗಿ ವನಜಾಕ್ಷಿಗೆ,

ಹೇಗಿದ್ದೀಯೇ? ಬಿಪಿ ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ನೀನು ಬಸ್ಸಿನಿಂದ ಬಿದ್ದ ಹಾಗೆ ಕನಸು ಕಂಡು ನನಗೆ ಊಟವೇ ಸೇರಲಿಲ್ಲ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಸ್ಕೂಲು ಅರ್ಧಕ್ಕೇ ಬಿಟ್ಟವಳ ಬರಹ, ನಗಬೇಡ.

ನಿನ್ನೆ ಚರ್ಚಿನ ಸಭೆಯಲ್ಲಿ ನಾನು ಎದ್ದು ಮಾತಾಡಿದೆ ಕಣೇ! ನಾನು! ನಮ್ಮಲ್ಲಿ ಹಾಡು ಮುಗಿದ ಮೇಲೆ ಸಾಕ್ಷಿ ಹೇಳುತ್ತಾರೆ. ಜ್ವರ ಬಿಟ್ಟವರು, ಮಗಳಿಗೆ ಗಂಡು ಸಿಕ್ಕವರು, ಹೀಗೆ ಬೇಡಿದ್ದು ಸಿಕ್ಕವರೇ ಏಳುವುದು ವಾಡಿಕೆ. ಎಷ್ಟು ಉಪವಾಸ ಮಾಡಿದರೂ ನಿಮ್ಮ ಭಾವನ ಸಕ್ಕರೆ ಕಾಯಿಲೆಯ ಕಾಲುಹುಣ್ಣು ಮಾಯಲಿಲ್ಲವಲ್ಲ, ನಾನು ಪ್ರತಿ ವಾರ ತಲೆ ತಗ್ಗಿಸಿ ಕೂತಿರುತ್ತಿದ್ದೆ. ಕ್ರಿಸ್‌ಮಸ್ಸಿಗೆ ಬಂದಾಗ ನಮ್ಮ ಕೇಕು ತಿನ್ನುತ್ತಲೇ ನೀನು, “ಇಷ್ಟು ಕೂಗುದ್ರೂ ಕೇಳ್ದಿರೋ ದೇವ್ರನ್ನ ಇನ್ನೂ ಯಾಕ್ ಇಡ್ಕಂಡಿದ್ದೀಯಕ್ಕ, ಬುಟ್ಬುಡು” ಅಂದೆಯಲ್ಲ, ಆ ಮಾತು ನನ್ನ ನಿದ್ದೆ ತಿಂದಿತ್ತು. ಬಿಡಲೋ ಇರಲೋ ಅಂತ ಒದ್ದಾಡಿ ಒದ್ದಾಡಿ, ನಿನ್ನೆ ತಡೆಯಲಾರದೆ ಎದ್ದೇಬಿಟ್ಟೆ. ನಿಮ್ಮ ಭಾವ ಸೆರಗು ಹಿಡಿದು ಎಳೆದರು, “ಲೇ, ಏನಾಯ್ತು ಅಂತ ಎದ್ದೆ? ಕೂತ್ಕಳೇ!” ಅಷ್ಟರಲ್ಲಿ ಪಾಸ್ಟರು, ನಾನು ಬಾಯಿ ತೆರೆಯುವ ಮೊದಲೇ, “ಸ್ತೋತ್ರ! ಸುಗುಣಮ್ಮನ ಯಜಮಾನ್ರ ಕಾಲು ವಾಸಿಯಾಯ್ತು!” ಅಂತ ಕೂಗಿಬಿಟ್ಟರು. ಡೋಲಕ್ ಬಾರಿಸಿದರು, ಎಲ್ಲರದೂ ಚಪ್ಪಾಳೆ. ಹೂಂ ಅಂದರೆ ದೇವರ ಮುಂದೆ ಸುಳ್ಳು. ಊಹೂಂ ಅಂದರೆ ದೇವರಿಗೇ ಅವಮಾನವಾಗುತ್ತೇನೋ ಅಂತ ಭಯ. ಕೊನೆಗೆ ಹೇಳಿದೆ: “ವಾಸಿಯಾಗಿಲ್ಲ ಅಯ್ನೋರೆ. ಹುಣ್ಣು ಇನ್ನೂ ದೊಡ್ಡದಾಗೈತೆ. ಆದ್ರೂ ಕಟ್ಟು ಬಿಚ್ಚಿ ತೊಳಿಯೋವಾಗ ಯೇಸಪ್ಪ ನನ್ ಜತೇಲೇ ಇರ್ತಾನೆ. ನಾನು ಅವನ್ನ ಬುಡಲ್ಲ. ಇಷ್ಟು ಹೇಳಕ್ಕೇ ಎದ್ದೆ.”

ಡೋಲಕ್ ನಿಂತುಹೋಯಿತು. ಮಗಳ ಫಿಟ್ಸ್ ಕಾಯಿಲೆಗಾಗಿ ವರ್ಷಗಟ್ಟಲೆ ಬೇಡುತ್ತಿರುವ ರೇಣುಕಯ್ಯ ಹಿಂದಿನಿಂದ ಎದ್ದು, “ನಮ್ದೂ ಆಗಿಲ್ಲ ಕಣಮ್ಮ. ನಾನೂ ಬುಡಲ್ಲ” ಅಂದ. ಆಮೇಲೆ ನಾಗರತ್ನಮ್ಮ. ಆಮೇಲೆ ಯಾರ್ಯಾರೋ! ಪಾಸ್ಟರು ಕಣ್ಣೊರೆಸಿಕೊಂಡು ಕೂತೇಬಿಟ್ಟರು. ಆಟೋದಲ್ಲಿ ಬರುವಾಗ ನಿಮ್ಮ ಭಾವ, “ನನ್ ಕಾಲ್ಗಿಂತ ನಿನ್ ಬಾಯೇ ಗಟ್ಟಿ ಕಣೇ” ಅಂತ ನಕ್ಕರು. ಅವರು ನಕ್ಕು ಎಷ್ಟು ಕಾಲವಾಗಿತ್ತು!

ಮಕ್ಕಳಿಗೆ ಮುತ್ತು. ದೇವರು ನಿನ್ನ ಮನೆಯನ್ನು ತಣ್ಣಗಿಡಲಿ.

ನಿನ್ನ ಅಕ್ಕ,
ಸುಗುಣ

ಮತ್ತೆ— ಪಕ್ಕದ ಮನೆ ಲಕ್ಕಮ್ಮ ನಿಮ್ಮ ಪಾವಗಡದ ಬಸ್ಸಿಗೆ ಹೊರಟು ನಿಂತಿದ್ದಾಳೆ, ಕಾಗದ ಅವಳ ಕೈಲಿ ಕಳಿಸುತ್ತಿದ್ದೇನೆ. ಗುರುವಾರ ತುಮಕೂರಿನಲ್ಲಿ ಇವರ ಪಾದ ತೆಗೆಯುತ್ತಾರೆ. ಡಾಕ್ಟರು ಶನಿವಾರವೇ ಹೇಳಿದ್ದರು. ಅದು ಗೊತ್ತಿದ್ದೇ ನಿನ್ನೆ ನಾನು ಎದ್ದದ್ದು. ಬುಧವಾರ ಸಂಜೆಗೆ ಬಂದುಬಿಡು. ಆಪರೇಷನ್ ಕೋಣೆಯ ಹೊರಗೆ ನಾನು ಜೋರಾಗಿಯೇ ಪ್ರಾರ್ಥನೆ ಮಾಡುವುದು. ನಿನಗೆ ನಾಚಿಕೆಯಾದರೂ ಎದ್ದು ಹೋಗಬೇಡ.