ಬೇರೆ ಬೇರೆ ಕಡೆ ಬಿಟ್ಟ ಚಪ್ಪಲಿ

ವೆಸ್ಟೆರಾಸ್, ಸ್ವೀಡನ್, ಫೆಬ್ರವರಿ ೨೦೦೬

ಪದ್ಮಿನಿ ಅಕ್ಕಾ,

ಪ್ರತಿ ರಜೆಗೂ ನಿನ್ನ ಮನೆಗೆ ಬರುತ್ತಿದ್ದೆವು. ಈ ವರ್ಷ ನೀನಿಲ್ಲ. ಎಲ್ಲಿಗೆ ಹೋಗುವುದೆಂದು ತಿಳಿಯದೆ, ಕಡೇ ಗಳಿಗೆಯಲ್ಲಿ ಅಗ್ಗಕ್ಕೆ ಸಿಕ್ಕ ಟಿಕೆಟ್ ಹಿಡಿದು ಬ್ರೆಜಿಲ್‌ನ ಸಾಲ್ವಡೋರ್‌ಗೆ ಹೋಗಿಬಂದೆವು. ಕಡಲು ಬೆಚ್ಚಗಿತ್ತು. ವಾರಿಜಾ ಸೀರೆ ಎತ್ತಿಕಟ್ಟಿ ಮೊಣಕಾಲವರೆಗೆ ಇಳಿದಳು.

ಅಲ್ಲೊಂದು ಹಳೆಯ ಚರ್ಚ್ ನೋಡಲು ಹೋದಾಗ ಗಂಡ ಹೆಂಡತಿ ಇಬ್ಬರೂ ಅಭ್ಯಾಸಬಲದಿಂದ ಚಪ್ಪಲಿ ಹೊರಗೆ ಬಿಟ್ಟೆವು. ಕಳ್ಳರಿಗೆ ಜೋಡಿ ಸಿಗಬಾರದೆಂದು, ದೇವಸ್ಥಾನದಲ್ಲಿ ನೀನು ಮಾಡಿಸುತ್ತಿದ್ದ ಹಾಗೆ, ಒಂದನ್ನು ಬಾಗಿಲ ಬಳಿ, ಇನ್ನೊಂದನ್ನು ದೂರದ ಮರದ ಕೆಳಗೆ. ಒಳಗೆ ಎಲ್ಲರೂ ಬೂಟು ಹಾಕಿಕೊಂಡೇ ಕೂತಿದ್ದರು.

ಹೊರಬಂದರೆ ಒಂದೂ ಇಲ್ಲ. ಅಂಗಳದ ಕಲ್ಲು ಕಾದಿತ್ತು. ನಮ್ಮಲ್ಲಿ ಬೇರೆ ಇದ್ದದ್ದು ಇಲ್ಲಿಂದ ಹಾಕಿಕೊಂಡು ಹೋದ ಹಿಮದ ಬೂಟು ಮಾತ್ರ.

"ಇನ್ನು ಬೀಚ್‌ಗೂ ಸ್ನೋ ಬೂಟಲ್ಲೇ ಹೋಗೋಣ ಬನ್ರಿ," ಎಂದಳು ವಾರಿಜಾ.

ಮೂಲೆಯಲ್ಲಿ ಅಲಸಂದೆ ವಡೆ ಕರಿಯುತ್ತಿದ್ದ ಹೆಂಗಸೊಬ್ಬಳು ನಮ್ಮ ಬರಿಗಾಲು ನೋಡಿ ಕೂಗಿ ಕರೆದಳು. ಯಾರೋ ಚೆಲ್ಲಾಪಿಲ್ಲಿ ಮಾಡಿದ್ದಾರೆಂದುಕೊಂಡಳೇನೋ, ನಾಲ್ಕನ್ನೂ ಹುಡುಕಿ, ಜೋಡಿಸಿ, ತನ್ನ ಮೇಜಿನ ನೆರಳಲ್ಲಿ ಇಟ್ಟಿದ್ದಳು. ನನ್ನ ಕೆಂಪಾದ ಪಾದಗಳನ್ನು ತೋರಿಸುತ್ತ ತನ್ನ ಭಾಷೆಯಲ್ಲಿ ಏನೇನೋ ಹೇಳತೊಡಗಿದಳು. ಒಂದು ಪದವೂ ಗೊತ್ತಾಗಲಿಲ್ಲ. ಬೈಯುತ್ತಿದ್ದಾಳೆ ಎಂಬುದು ಮಾತ್ರ ಗೊತ್ತಾಯಿತು.

"ಚಪ್ಪಲಿ ಸಿಕ್ತಲ್ಲ, ನಡೀರಿ," ವಾರಿಜಾ ತೋಳು ಎಳೆದಳು.

ನೀನು ಹೋದಮೇಲೆ ನನ್ನನ್ನು ಹಾಗೆ ಬೈದವರಿಲ್ಲ, ಅಕ್ಕಾ. ಅವಳು ಪೂರ್ತಿ ಮುಗಿಸುವವರೆಗೂ ತಲೆ ತಗ್ಗಿಸಿ ನಿಂತಿದ್ದು, ಆಮೇಲೆ ಕೈ ಮುಗಿದೆ.