ಬೆಡ್‌ಶೀಟಿನ ಮೇಲಿನ ಕಪ್ಪು ಕಲೆ

ಕೆಳಮನೆಯ ಓನರಮ್ಮನವರಿಗೆ ಮೇಲ್ಮನೆಯ ಬಾಡಿಗೆಯವಳ ನಮಸ್ಕಾರ.

ಬೆಳಿಗ್ಗೆ ತಾರಸಿಯಲ್ಲಿ ಒಣಗುತ್ತಿದ್ದ ನಿಮ್ಮ ಬಿಳಿ ಬೆಡ್‌ಶೀಟನ್ನು ಕೇಳದೆ ಮುಟ್ಟಿದ್ದು ತಪ್ಪೇ. ಅದನ್ನು ನೀರಿನ ಟ್ಯಾಂಕಿನ ನೆರಳಿಗೆ ಎಳೆದು ಕಟ್ಟಿ, ನಮ್ಮ ಪುಟ್ಟ ಟೆಲಿಸ್ಕೋಪಿನಿಂದ ಅದರ ಮೇಲೆ ಸೂರ್ಯನ ಬಿಂಬ ಬೀಳಿಸಿದ್ದೆವು. ಬಿಂಬದ ನಡುವೆ ಕಂಡ ಕಪ್ಪು ಕಲೆ ಸೂರ್ಯನದು. ಹಾಗೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ನೀವು ಸೋಪು ತಂದು ಉಜ್ಜತೊಡಗಿದ್ದಿರಿ. ಕಲೆ ನಿಮ್ಮ ಕೈಮೇಲೇ ಬಂದು ಕೂತಾಗ, "ಅಯ್ಯಯ್ಯೋ, ಇದು ನನಗೇ ಅಂಟ್ಕೊಳ್ತಲ್ಲೇ!" ಎಂದು ಕೂಗಿದಿರಿ. ನಿಜ ತಿಳಿದ ಮೇಲೆ, "ಸೂರ್ಯನಿಗೇ ಕಲೆ ಇದೆ ಅಂದ್ಮೇಲೆ ನನ್ನ ಸೊಸೆ ಒಗೆದ ಬಟ್ಟೇನ ಏನಂತ ಬೈಯ್ಲಿ?" ಎಂದು ನಕ್ಕಿರಲ್ಲ, ನಮ್ಮ ಯಜಮಾನರು ಈಗಲೂ ಅದನ್ನೇ ನೆನೆದು ನಗುತ್ತಿದ್ದಾರೆ.

ಮಧ್ಯಾಹ್ನದೊಳಗೆ ಬೀದಿಯವರನ್ನೆಲ್ಲ ನೀವೇ ಕರೆತಂದು ತೋರಿಸಿದಿರಿ. ಬಹಳ ಸಂತೋಷ. ಟೆಲಿಸ್ಕೋಪಿಗೆ ಮಾತ್ರ ಯಾರೂ ಕಣ್ಣಿಡದಂತೆ ನೋಡಿಕೊಳ್ಳಿ, ಕಣ್ಣೇ ಹೋದೀತು. ಬಟ್ಟೆಯ ಮೇಲಷ್ಟೇ ನೋಡಲಿ.

"ಭಾನುವಾರದೊಳಗೆ ಆ ಕೊಳವೆ ನನ್ನ ತಾರಸಿಯಿಂದ ಇಳೀಬೇಕು" ಎಂದು ಹೋದ ವಾರ ಹೇಳಿದ್ದಿರಿ. ಇನ್ನೊಂದು ವಾರ ಅವಕಾಶ ಕೊಡಿ. ಸೂರ್ಯ ತನ್ನ ಸುತ್ತ ತಾನೇ ತಿರುಗುವುದರಿಂದ ಆ ಕಲೆ ದಿನದಿನಕ್ಕೆ ಸರಿಯುತ್ತ ಅಂಚಿನಾಚೆ ಮರೆಯಾಗುತ್ತದೆ. ಆಗ ನೀವು "ನನ್ನ ಸೋಪಿಗೇ ಹೋಯ್ತು" ಎಂದು ಬೀದಿಗೆಲ್ಲ ಸಾರಿದರೂ, ನಾವಿಬ್ಬರೂ ಪಕ್ಕದಲ್ಲಿ ನಿಂತು ಹೌದೆಂದು ತಲೆಯಾಡಿಸುತ್ತೇವೆ.

ಇಂತಿ,
ನಾಳೆಯೂ ಅದೇ ಬೆಡ್‌ಶೀಟು ಬೇಕಾಗಿರುವ
ಮೇಲ್ಮನೆಯವಳು